ಬದಲಿಯವರ ಅತ್ತಿಗೆ

ಯಾವ ಕಚೇರಿಗೆ ಹೋದರೂ ಅತ್ತಿಗೆ ಅತಿಥಿಗಳ ಕುರ್ಚಿಯಲ್ಲಿ ಕೂತವರಲ್ಲ. ಮ್ಯಾನೇಜರು ಎದ್ದು ನಿಂತು, ಕಾಫಿ ತರಿಸಿ, ತಮಗೆ ಎಂಥ ತಾತ್ಕಾಲಿಕ ಕೆಲಸಗಾರರು ಬೇಕೆಂದು ಪೀಠಿಕೆ ಹಾಕುತ್ತಿರುವಾಗಲೇ ಅವರ ಕಣ್ಣು ಖಾಲಿ ಮೇಜನ್ನೋ ಸುಮ್ಮನೆ ನಿಂತ ಯಂತ್ರವನ್ನೋ ಅರಸುತ್ತಿತ್ತು. “ಅದೆಲ್ಲ ಆಮೇಲೆ ಮಾತಾಡೋಣ. ಕೆಲಸ ಎಲ್ಲಿದೆ ತೋರಿಸಿ, ಅರ್ಧ ದಿನ ನಾನು ಮಾಡಿ ನೋಡ್ತೀನಿ,” ಎನ್ನುವರು. ಹೀಗೆ ಅವರು ಆಸ್ಪತ್ರೆಯ ಹಾಸಿಗೆಬಟ್ಟೆ ಒಗೆದಿದ್ದರು, ಔಷಧದ ಬಾಟಲಿಗಳಿಗೆ ಚೀಟಿ ಅಂಟಿಸಿದ್ದರು; ಒಮ್ಮೆ ಹೋಟೆಲೊಂದರ ಸ್ವಾಗತಕಟ್ಟೆಯ ಹಿಂದೆ ನಿಂತು, ಬಂದ ಗಿರಾಕಿಗೆ “ಆ ರೂಮು ಬೇಡ ಬಿಡಿ, ಪಕ್ಕದಲ್ಲೇ ಲಿಫ್ಟು, ನಿದ್ದೆ ಬರಲ್ಲ” ಎಂದು ಸತ್ಯ ನುಡಿದು ಮಾಲೀಕನ ಮುಖ ಹುಳ್ಳಗೆ ಮಾಡಿದ್ದರು.

ನನ್ನ ಕೋಣೆಯ ಎದುರಿಗೇ, ಬದಲಿ ಕೆಲಸಕ್ಕೆ ಜನ ಕಳಿಸುವ ಅವರ ಏಜೆನ್ಸಿ. ಒಂದು ಮೇಜು, ಫೋನು, ಗೋಡೆಯುದ್ದಕ್ಕೂ ಬೆಂಚು. ಕಾರ್ಖಾನೆ ಮುಚ್ಚಿ ಬೀದಿಗೆ ಬಿದ್ದವರು, ಹೆರಿಗೆ ರಜೆಗೆ ಹೋದವರ ಜಾಗದಲ್ಲಿ ಕೆಲವು ತಿಂಗಳು ದುಡಿದು ಎದ್ದುಬಂದವರು, ಎಲ್ಲರೂ ಆ ಬೆಂಚಿನ ಬಳಗವೇ. ಕರಡು ತಿದ್ದುವ ಕೆಲಸ ಕೈತಪ್ಪಿದಾಗ ನಾನೂ ಅಲ್ಲಿ ಕೂತಿದ್ದೇನೆ. ಫೋನು ಎತ್ತುತ್ತಿದ್ದವಳು ಅವರ ಗಂಡನ ತಂಗಿ. ಅವಳು ಕರೆದದ್ದೇ ನೆಪವಾಗಿ, ಅಣ್ಣನೇ ಇಲ್ಲದವರಿಗೂ, ಅವರಿಗಿಂತ ಎಷ್ಟೋ ಹಿರಿಯರಾದ ಗಡ್ಡದ ವೆಲ್ಡರಿಗೂ ಅವರು ಅತ್ತಿಗೆಯೇ ಆದರು.

ಮಾಸಿದ ಬೂದುಬಣ್ಣದ ಕೋಟು, ಅದರ ಜೇಬುಗಳಲ್ಲಿ ಪಿನ್ನು, ನೋವಿನ ಮುಲಾಮು, ಯಾರೋ ಮರೆತುಹೋದ ಕನ್ನಡಕ; ಎರಡು ಕೈಯಲ್ಲೂ ತುಂಬಿದ ಬಕೆಟ್ಟು ಹಿಡಿದವರಂತೆ ಮುಂದಕ್ಕೆ ಬಾಗಿದ ದಡಬಡ ನಡಿಗೆ. ಕೆಲಸ ಕೊಡಿಸುವ ಮಧ್ಯವರ್ತಿಯ ಬಗ್ಗೆ ಲೋಕದಲ್ಲಿ ಒಳ್ಳೆಯ ಮಾತಿಲ್ಲ. ಮದ್ದಳೆಯ ಹಾಗೆ ಅವನಿಗೆ ಎರಡು ಕಡೆಯಿಂದಲೂ ಪೆಟ್ಟು. ಅತ್ತಿಗೆಗೂ ಅದು ತಪ್ಪಿದ್ದಲ್ಲ. ಆದರೆ ಅವರು ಕಳಿಸಿದ ಕಡೆಗೆ ಹೋಗುವವರ ಕಿವಿಯಲ್ಲಿ ಇಂಥ ಮಾತುಗಳಿರುತ್ತಿದ್ದವು: “ಕಿಟಕಿ ಪಕ್ಕದ ಮೇಜು ಕೇಳಬೇಡ, ಮಧ್ಯಾಹ್ನದ ಬಿಸಿಲು ಕಣ್ಣಿಗೇ ಹೊಡೆಯುತ್ತೆ. ಮೇಲ್ವಿಚಾರಕ ಕೂಗಾಡಿದ್ರೆ ಮನಸ್ಸಿಗೆ ಹಚ್ಕೋಬೇಡ, ಪಾಪ, ಅವನಿಗೆ ಕಿವಿ ಮಂದ.”

ಒಂದು ವರ್ಷ ಊರಿನ ದೊಡ್ಡ ಕಾರ್ಖಾನೆ ಬಾಗಿಲು ಹಾಕಿ, ಬೆಂಚು ತುಂಬಿ, ಜನ ಮೆಟ್ಟಿಲ ಮೇಲೆಲ್ಲ ಕೂತರು. ಆಗಲೇ ಒಂದು ಗೋದಾಮಿನವರು ಹಬ್ಬದ ಮಾರಾಟದ ಸುಗ್ಗಿಗೆಂದು ಪೊಟ್ಟಣ ಕಟ್ಟಲು ಆಳು ಕೇಳಿದರು. ಅತ್ತಿಗೆ ಎಂದಿನಂತೆ ಹೋಗಿ, ಸಾಮಾನು ಹೊತ್ತು ಚಲಿಸುವ ಪಟ್ಟಿಯ ಪಕ್ಕದಲ್ಲಿ ಅರ್ಧ ದಿನ ನಿಂತು, ಬಂದವರೇ ಬೂಟು ಕಳಚಿ ಕೂತುಬಿಟ್ಟರು. ಊಟದ ಗಂಟೆಯವರೆಗೆ ಗೋದಾಮಿನಲ್ಲಿ ಯಾರೂ ಕೂರುವಂತಿಲ್ಲ. ಹಿಂದಿನ ಕೋಣೆಯಲ್ಲಿ ಕುರ್ಚಿಗಳೇನೋ ಇವೆ. ಆದರೆ ಪಟ್ಟಿಯ ಬಳಿ ಒಬ್ಬರ ಜಾಗವೂ ಖಾಲಿ ಬೀಳಕೂಡದು. ಸ್ಟೂಲು ಕೇಳಿದ್ದಕ್ಕೆ, “ಕಾಯಂ ಇರೋರಿಗೇ ಇಲ್ಲ, ನಾಲ್ಕು ದಿನಕ್ಕೆ ಬರೋರಿಗಾ?” ಎಂದು ನಕ್ಕರಂತೆ.

“ನಾನು ಕಳಿಸಲ್ಲ,” ಎಂದರು ಅತ್ತಿಗೆ.

ನಾದಿನಿ ಫೋನು ಕುಕ್ಕಿದಳು. “ನೀವು ಕಳಿಸದೇ ಇದ್ರೆ ಇನ್ನೊಂದು ಏಜೆನ್ಸಿ ಅವರ ಜನಾನ ಕಳಿಸುತ್ತೆ. ಬೆಂಚಲ್ಲಿ ಕೂತವರಿಗೆ ಕಾಲು ನೋಯಲ್ಲ, ನಿಜ. ಹೊಟ್ಟೆ? ನಿಮ್ಮ ನೀತೀನ ಬೇಯಿಸಿ ಬಡಿಸೋಕಾಗುತ್ತಾ?”

ಅತ್ತಿಗೆ ಕಳಚಿದ ಬೂಟನ್ನು ಮತ್ತೆ ಹಾಕಿಕೊಂಡು, ಗೋದಾಮಿಗೆ ಹೋಗುವವರ ಹೆಸರು ಬರೆಯತೊಡಗಿದರು. ನಿಜ ಹೇಳಬೇಕೆಂದರೆ ನಾನೂ ಮನಸ್ಸಿನಲ್ಲೇ ನಾದಿನಿಯ ಪಕ್ಷದಲ್ಲಿದ್ದೆ. ನನ್ನ ಮನೆಯಲ್ಲೂ ಒಲೆ ಉರಿಯಬೇಕಿತ್ತು.

ಸೋಮವಾರ ನಾವೆಲ್ಲ ಗೋದಾಮಿಗೆ ಹೋದೆವು. ಕೇಳಿದ್ದಕ್ಕಿಂತ ಒಬ್ಬರು ಹೆಚ್ಚಿದ್ದರು. ಆ ಹೆಚ್ಚಿನವರು, ಕೋಟಿನ ತೋಳು ಮಡಚಿಕೊಂಡು ನಿಂತ ಅತ್ತಿಗೆ. ಅವರಿಗೆ ಗೊತ್ತಾದ ಜಾಗವಿರಲಿಲ್ಲ. ಸಾಲಿನ ಒಂದು ತುದಿಯಿಂದ ಶುರುಮಾಡಿ ಒಬ್ಬೊಬ್ಬರ ಭುಜ ಮುಟ್ಟುವರು: “ಹೋಗು, ಸ್ವಲ್ಪ ಕೂತು ಬಾ.” ಹೋದವರು ಹಿಂದಿನ ಕೋಣೆಯಿಂದ ಬರುವ ತನಕ ಅವರ ಪೊಟ್ಟಣಗಳನ್ನು ತಾವು ಕಟ್ಟುವರು, ಬಂದೊಡನೆ ಪಕ್ಕದವರ ಭುಜ. ಮೇಲ್ವಿಚಾರಕ ಬಂದು ತಲೆ ಎಣಿಸಿದರೆ ಎಲ್ಲೂ ಖಾಲಿ ಜಾಗವಿಲ್ಲ, ಆಕ್ಷೇಪಿಸಲು ಬಾಯಿಯೂ ಇಲ್ಲ. ಬದಲಿ ಕೆಲಸಕ್ಕೆಂದು ಹೋದ ನಮಗೆಲ್ಲ ಅವರೊಬ್ಬರೇ ಬದಲಿ. ಸುಗ್ಗಿ ಮುಗಿಯುವ ಹೊತ್ತಿಗೆ ಆ ದಡಬಡ ನಡಿಗೆ ಹೋಗಿ, ನಮ್ಮ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತುತ್ತಿದ್ದರು. ಕಾಲು ಹೇಗಿದೆ ಎಂದರೆ, “ಇದೆಯಲ್ಲ, ಸಾಕು” ಎನ್ನುವರು.

ಎಲ್ಲರನ್ನೂ ಕೂರಿಸುವವರನ್ನು ಕೂರಿಸುವವರಾರು ಎಂಬ ಯೋಚನೆ ನಮಗಾರಿಗೂ ಬರಲಿಲ್ಲ. ಬಂದದ್ದು ನಾದಿನಿಗೆ. ಒಂದು ಮಧ್ಯಾಹ್ನ ಏಜೆನ್ಸಿಗೆ ಬೀಗ ಜಡಿದು ಬಂದವಳು, ಸಾಲಿನುದ್ದಕ್ಕೂ ನಡೆದು ಅತ್ತಿಗೆಯ ಭುಜದ ಮೇಲೆ ಕೈಯಿಟ್ಟಳು. “ಈಗ ನೀವು ಹೋಗಿ,” ಎಂದಳು. ಅತ್ತಿಗೆ ಅವಳ ಮುಖವನ್ನೊಮ್ಮೆ ನೋಡಿ, ಕುಂಟುತ್ತಾ ಹಿಂದಿನ ಕೋಣೆಗೆ ಹೋದರು. ನಾದಿನಿ ಅವರ ಜಾಗದಲ್ಲಿ ನಿಂತು ಪೊಟ್ಟಣಕ್ಕೆ ಕೈ ಹಾಕಿದಳು.

ಇಂಥವರಿಂದ ಲೋಕವೇನೂ ತಿದ್ದಿಕೊಳ್ಳುವುದಿಲ್ಲ. ಆ ಗೋದಾಮಿಗೆ ಮರುವರ್ಷವೂ ಸ್ಟೂಲು ಬರಲಿಲ್ಲ. ಆದರೂ ನಾಳೆ ಎಲ್ಲಿಯೋ ಎಂದು ತಿಳಿಯದೆ ಬದುಕುವವನಿಗೆ, ತಾನು ಕಾಲಿಡುವ ಜಾಗದಲ್ಲಿ ತನಗಿಂತ ಮೊದಲು ಒಬ್ಬರು ನಿಂತು ನೋಡಿದ್ದಾರೆ ಎಂಬುದು ಸಣ್ಣ ಧೈರ್ಯವಲ್ಲ. ಮಗುವಿಗೆ ಹಾಲು ಕುಡಿಸುವ ಮುನ್ನ ತಾಯಿ ತನ್ನ ಮುಂಗೈ ಮೇಲೆ ಒಂದು ಹನಿ ಬಿಟ್ಟುಕೊಂಡು ನೋಡುತ್ತಾಳಲ್ಲ, ಅತ್ತಿಗೆ ಆ ಬಗೆಯವರು. ಸುಟ್ಟರೆ ಮೊದಲು ಸುಡುವುದು ಅವರ ಕೈಯೇ.