ನಲವತ್ತೊಂದು ಹೆಬ್ಬೆಟ್ಟು

"ಹೆಬ್ಬೆಟ್ಟು ಒತ್ತೋಕೂ ಟ್ರೈನಿಂಗ್ ಕೊಡ್ಬೇಕೇನಮ್ಮ ನಿಂಗೆ? ಬೇವರ್ಸಿ, ಪೇಪರೆಲ್ಲಾ ಮಸಿ ಮಾಡ್ತಿದ್ದೀಯ!"

ಚಂದ್ರಮೋಹನ ಇಂಕ್ ಪ್ಯಾಡನ್ನು ಜಯಶೀಲಾಳ ಮುಂದಕ್ಕೆ ತಳ್ಳಿದ. ಶನಿವಾರ ಮಧ್ಯಾಹ್ನ. ಕೆನಡಾದ ಎರಿನ್ ಮಿಲ್ಸಿನ ಆ ಕನ್ಸಲ್ಟಿಂಗ್ ಆಫೀಸಿನಲ್ಲಿ ಮಾಲೀಕನಾದ ಅವನು, ನೆಲ ಒರೆಸಲು ಬಂದ ಇಬ್ಬರು ಹೆಂಗಸರು, ಇಷ್ಟು ಬಿಟ್ಟರೆ ನರಪಿಳ್ಳೆಯಿರಲಿಲ್ಲ. ಒರೆಸಿ ಕಪ್ಪಾದ ನೀರಿನ ಬಕೆಟ್ಟು ಮೇಜಿನ ಪಕ್ಕದಲ್ಲೇ ನಿಂತಿತ್ತು.

"ನನಗ ಸಹಿ ಮಾಡಾಕ ಬರತೈತ್ರಿ ಸರ. ಬಿ.ಎ. ಆಗೈತಿ."

"ನಿನ್ನ ಸಹಿ ತಗೊಂಡು ಉಪ್ಪಿನಕಾಯಿ ಹಾಕ್ಲಾ? ಸೋಮವಾರ ಚೀನಾ ಬ್ಯಾಂಕಿನವರು ಬರ್ತಾರೆ. ನಲವತ್ತೊಂದು ಬಾಕಿ ಇದೆ. ಒತ್ತು."

ಆಫ್ರಿಕಾದ ಯಾವುದೋ ಕಣಿವೆಗೆ ಡ್ಯಾಮು, ಅದಕ್ಕೆ ಚೀನಾದ ಸಾಲ. ಮನೆಮನೆಯವರೂ ಊರು ಬಿಡಲು ಒಪ್ಪಿದರೆಂಬ ಕಾಗದ ಕಂಡ ಹೊರತು ಬ್ಯಾಂಕು ಸಾಲ ಬಿಡದು. ಎಲ್ಲರೂ ಒಪ್ಪಿದ್ದಾರೆ, ಕೆಲವರ ಕಾಗದ ಮಳೆಯಲ್ಲಿ ನೆನೆದುಹೋಯಿತು ಅಷ್ಟೇ, ಎಂದಿದ್ದ ಚಂದ್ರಮೋಹನ. ಪ್ರತಿ ಕಾಗದದ ಮೇಲೆ ನೀಲಿ ರಟ್ಟು ಮುಚ್ಚಿ, ಕೆಳಗಿನ ಚೌಕವಷ್ಟೇ ಕಾಣುವಂತೆ ಇಟ್ಟಿದ್ದ.

ಜಯಶೀಲಾ ಮೂರನ್ನು ಒತ್ತಿದಳು. ಬ್ಲೀಚಿನಲ್ಲಿ ಅದ್ದಿ ಅದ್ದಿ ಗೆರೆ ಸವೆದ ಬೆರಳು. ಚೌಕದಲ್ಲಿ ಬರಿಯ ಕಪ್ಪು ಬೊಟ್ಟು ಮೂಡಿತು.

"ಗೆರೇನೇ ಇಲ್ವಲ್ಲೇ! ಪರ್ಫೆಕ್ಟ್. ಯಾರದು ಅಂತ ಆ ದೇವರಿಗೂ ಗೊತ್ತಾಗಲ್ಲ," ಎಂದು ಅವನು ನಕ್ಕ.

ನಾಲ್ಕನೆಯದಕ್ಕೆ ರಟ್ಟು ಜಾರಿತು.

ಮೇಲೆ ಒಂದು ಫೋಟೋ. ಮಣ್ಣಿನ ಗೋಡೆ, ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಗೀಚಿದ ನಂಬರು. ಮುಂದೆ ಕುಕ್ಕರುಗಾಲಲ್ಲಿ ಕೂತ ಮುದುಕಿ, ಎರಡೂ ಕೈ ಕಂಕುಳಲ್ಲಿ. ಅಂಚಿನಲ್ಲಿ ಯಾರೋ ಇಂಗ್ಲಿಷಿನಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದರು: ಒಪ್ಪಲಿಲ್ಲ.

ಜಯಶೀಲಾ ಇನ್ನೊಂದು ತೆಗೆದಳು. ಗಂಡಸು, ಕೈ ಬೆನ್ನ ಹಿಂದೆ. ಒಪ್ಪಲಿಲ್ಲ. ತಾನು ಒತ್ತಿದ ಮೂರನ್ನೂ ರಟ್ಟು ಸರಿಸಿ ನೋಡಿದಳು. ಒಪ್ಪಲಿಲ್ಲ. ಒಪ್ಪಲಿಲ್ಲ. ಒಪ್ಪಲಿಲ್ಲ.

ಊರಲ್ಲಿ ಡ್ಯಾಮು ಕಟ್ಟುವಾಗ ಅವಳಿಗೆ ಏಳು ವರ್ಷ. ಅವರ ಮನೆ ಗೋಡೆಗೂ ಹೀಗೇ ಕೆಂಪು ನಂಬರು ಬಿದ್ದಿತ್ತು. ಅಜ್ಜಿ ಹೆಬ್ಬೆರಳನ್ನು ಮುಷ್ಟಿಯೊಳಗೆ, ಮುಷ್ಟಿಯನ್ನು ಕಂಕುಳೊಳಗೆ ಬಚ್ಚಿಟ್ಟು ಮೂರು ದಿನ ಹೊಸ್ತಿಲ ಮೇಲೆ ಕೂತಿದ್ದಳು. ನಾಲ್ಕನೆಯ ದಿನ ಕಂದಾಯದ ತಲಾಟಿ ಇಬ್ಬರನ್ನು ಕರೆತಂದು ಕೈ ಎಳೆದು ಒತ್ತಿಸಿದ. ಆಮೇಲೆ ಸಾಯುವ ತನಕ ಅಜ್ಜಿ ಆ ಬೆರಳನ್ನು ಸೆರಗಿಗೆ ಒರೆಸಿಕೊಳ್ಳುತ್ತಲೇ ಇದ್ದಳು.

"ಇವ್ರು ಒಪ್ಪಿಲ್ಲಲ್ರಿ ಸರ."

"ನಿನ್ನನ್ನ ಯಾರು ಓದು ಅಂದ್ರು?" ಅವನ ಮುಖ ಬಿಗಿಯಾಯಿತು. "ನೋಡು, ನಿನ್ನ ವರ್ಕ್ ಪರ್ಮಿಟ್ ಇದೇ ತಿಂಗಳು ಮುಗಿಯುತ್ತೆ. ರಿನ್ಯೂವಲ್ ಲೆಟರ್ ನನ್ನ ಡ್ರಾಯರಲ್ಲಿದೆ. ನಾನು ಸೈನ್ ಹಾಕ್ಲಿಲ್ಲ ಅಂದ್ರೆ ಗಂಡನ್ನ ಕಟ್ಕೊಂಡು ವಿಮಾನ ಹತ್ತೋದೇ."

ಆಗಲೇ ಹತ್ತು ಒತ್ತಿ ಮುಗಿಸಿದ್ದ ಜೊತೆಗಾತಿ ಲೀಲಮ್ಮ ಮೊಣಕೈಯಿಂದ ತಿವಿದು ಪಿಸುಗುಟ್ಟಿದಳು. "ಒತ್ತು ಬುಡವ್ವ. ಯಾವ ದೇಸ್ದೋರೋ ಏನೋ. ಈ ಮುಂಡೇಗಂಡನ ತಾವ ತಕರಾರು ನಮಗ್ಯಾಕೆ?"

"ಅವ್ರೂ ನಮ್ಮಂಗ ಗ್ವಾಡಿಗೆ ನಂಬರ ಬರಿಸ್ಕೊಂಡಾರ ಲೀಲಕ್ಕಾ."

"ಓ ಹೋ! ಮರ್ತೇಬಿಟ್ಟಿದ್ದೆ," ಚಂದ್ರಮೋಹನ ಕುರ್ಚಿಗೆ ಒರಗಿದ. "ನಿಮ್ದು ಬಾಗಲಕೋಟೆ ಕಡೆ ಅಲ್ವಾ, ಮುಳುಗಡೆ ಜನ. ಪರಿಹಾರ ತಿಂದು ತೇಗಿದವರು. ಮುಳುಗೋದು ನಿಮಗೆ ಅಭ್ಯಾಸ ಇರ್ಬೇಕಲ್ಲಮ್ಮ? ಇವರಿಗೂ ಆಗುತ್ತೆ ಬಿಡು."

ಜಯಶೀಲಾ ಮೇಜಿನತ್ತ ಬಗ್ಗಿದಳು. ಒತ್ತಿದ್ದು, ಒತ್ತದ್ದು, ಲೀಲಮ್ಮನ ಹತ್ತು, ಎಲ್ಲವನ್ನೂ ಒಂದೇ ಕಟ್ಟು ಮಾಡಿ, ಅಂಚು ಸರಿಪಡಿಸಿದಳು. ಅವಳು ಸೋತಳೆಂದುಕೊಂಡು ಅವನು ಫೋನು ಕೈಗೆತ್ತಿಕೊಂಡ.

ಕಟ್ಟು ಬಕೆಟ್ಟಿಗೆ ಬಿತ್ತು. ಅವಳು ಮಾಪಿನಿಂದ ಅದನ್ನು ತಳಕ್ಕೆ ಒತ್ತಿ ಹಿಡಿದಳು. ಗುಳುಗುಳು ಎಂದು ಗುಳ್ಳೆ ಎದ್ದವು.

"ಏಯ್! ಏಯ್, ಹುಚ್ಚಿ! ಒರಿಜಿನಲ್ಲು ಕಣೇ ಅವು! ತೆಗಿ, ತೆಗಿಯೇ ಲೌಡಿ!"

ಲೀಲಮ್ಮ ಎದ್ದು ನಿಂತಳು. ಬಕೆಟ್ಟಿನ ಕಡೆ ಮಾತ್ರ ಹೋಗಲಿಲ್ಲ.

ಚಂದ್ರಮೋಹನ ಬಿಳಿ ಅಂಗಿಯ ತೋಳು ಏರಿಸುತ್ತ ಓಡಿಬಂದು ಬಗ್ಗಿದ. ಶೌಚದ ಕೋಣೆಗಳನ್ನೆಲ್ಲ ಒರೆಸಿ ಬಂದ ನೀರು. ಮುಖ ಕಿವುಚಿಕೊಂಡು ಅಲ್ಲೇ ನಿಂತ.

ಜಯಶೀಲಾ ಮಾಪನ್ನು ಇನ್ನಷ್ಟು ಒತ್ತಿದಳು.

"ಕೈ ಹಾಕ್ರಿ ಸರ. ಭಾಳ ಆಳ ಇಲ್ಲ."