ದೊರೆಯ ಆರು ಮುಖದ ಕಲ್ಲು

ಕಾಫಿತೋಟದ ದೊರೆಯ ಬಂಗಲೆಯ ಅಡುಗೆಮನೆಯಲ್ಲಿ ಚೋಮಿ ಮೊಣಕೈವರೆಗೂ ಭರಣಿಗೆ ಕೈಯಿಳಿಸಿ, ಉಪ್ಪುನೀರಿನಲ್ಲಿ ಹಾಕಿಟ್ಟ ಕಣಿಲೆಯನ್ನು ತಡಕುತ್ತಿದ್ದಳು. ಎಳೆ ಬಿದಿರಿನ ಆ ಹುಳಿ ನಾತಕ್ಕೆ ಬಟ್ಲರ್ ಜವರಪ್ಪ ಮೂಗು ಹಿಡಿದುಕೊಂಡೇ ಮಾತಾಡುತ್ತಿದ್ದ.

"ದೊರೆ ಕಳ್ಕೊಂಡ ವಜ್ರ ಸಿಗೋತನಕ ಕೈಲ್‌ಮುಹೂರ್ತದ ಹಬ್ಬಕ್ಕೆ ಒಬ್ರಿಗೂ ರಜೆ ಇಲ್ವಂತೆ. ಮದ್ರಾಸಿನ ಮ್ಯೂಸಿಯಮ್ಮಿಗೆ ಬರೆದ ಕಾಗದ ಮೇಜಿನ ಮೇಲೆ ಧೂಳು ಹಿಡೀತಾ ಉಂಟು. ಕಲ್ಲಿಲ್ದೆ ಬರೀ ಕಾಗದ ಕಳ್ಸೋದು ಹೆಂಗೆ?"

ಚೋಮಿ ಈ ರಜೆಯನ್ನೇ ಕಾಯುತ್ತಿದ್ದಳು. ಮಗಳು ಸುಬ್ಬಿ ಕಕ್ಕಬೆಯಲ್ಲಿ ಹೆತ್ತು ತಿಂಗಳಾದರೂ ಮೊಮ್ಮಗಳ ಮುಖ ನೋಡಿರಲಿಲ್ಲ.

ತೋಡು-ಹಳ್ಳಗಳಲ್ಲಿ ಹರಳುಕಲ್ಲು ಹುಡುಕುವುದು ದೊರೆಯ ಹುಚ್ಚು. ಕಳೆದದ್ದೂ ಅಂಥದೇ ಒಂದು ಸ್ಫಟಿಕ. ಜವರಪ್ಪ ಮಾತಿನಲ್ಲಿ ಅದನ್ನು ವಜ್ರ ಮಾಡಿದ. ಕೂಲಿ ಲೈನಿನ ಹೆಂಗಸರು ಅದು ರಾತ್ರಿ ಉರಿಯುತ್ತದೆಂದರು. ಚೋಮಿ ಎರಡು ರಾತ್ರಿ ದೀಪ ಆರಿಸಿ ಅಂಗಳವನ್ನೆಲ್ಲ ಹುಡುಕಿ, ಕಾಲು ಎಡವಿಕೊಂಡು ಬಂದಿದ್ದಳು.

ಈಗ ಅವಳ ಕೈಗೆ ಕಣಿಲೆಯ ಮೇಲಿಟ್ಟ ಕಲ್ಲು ಸಿಕ್ಕಿತು. ಬಾವಿಕಟ್ಟೆಯಲ್ಲಿ ಯಾರೋ ತೊಳೆದಿಟ್ಟಿದ್ದನ್ನು ತಾನೇ ಎತ್ತಿ ತಂದದ್ದು. ಕಿಟಕಿಯ ಬೆಳಕಿಗೆ ಹಿಡಿದಳು.

"ಜವರಪ್ಪಣ್ಣ, ಆ ವಜ್ರಕ್ಕೆ ಮುಖ ಎಷ್ಟು?"

"ಆರಂತೆ. ಯಾಕೆ?"

"ಇದಕ್ಕೂ ಆರೇ ಉಂಟಲ್ಲ!"

ಜವರಪ್ಪ ಮೂಗು ಬಿಟ್ಟು ಎದೆ ಹಿಡಿದುಕೊಂಡ. "ಅಯ್ಯೋ, ಹೊಳೆಗೆ ಬಿಸಾಕು ಮಾರಾಯ್ತಿ! ನಿನ್ನ ಜೊತೆ ನನ್ನನ್ನೂ ಓಡಿಸ್ತಾರೆ."

"ಬಿಸಾಕಿದ್ರೆ ನಾ ಮಗು ನೋಡೋದು ಯಾವಾಗ?"

ಅವಳು ಕಲ್ಲನ್ನು ಸೆರಗಿನಲ್ಲಿ ಒರೆಸಿ ನೇರ ಜಗಲಿಗೆ ಹೋದಳು. ದೊರೆ ಕುರ್ಚಿಯಿಂದ ಎದ್ದೇಬಿಟ್ಟ.

"ಎಲ್ಲಿ ಇತ್ತು?"

"ಕಣಿಲೆ ಮೇಲೆ, ದೊರೆ. ತೇಲಬಾರ್ದು ಅಂತ ಭಾರಕ್ಕೆ ಇಟ್ಟೆ." ಅವಳಿಗೆ ಇದನ್ನೂ ಹೇಳದಿರಲಾಗಲಿಲ್ಲ: "ಭಾಳ ಚೊಕ್ಕ ಕಲ್ಲು. ಕಣಿಲೆ ಒಂದ್ ಚೂರೂ ಮೇಲೆ ಬರ್ಲಿಲ್ಲ."

ದೊರೆ ಕಲ್ಲನ್ನು ಮೂಸಿ ಮುಖ ಹಿಂದೆಳೆದುಕೊಂಡ. "ನಾನು ವಾರ ಪೂರಾ ತಿಂದದ್ದು... ಅದೇ ಕಣಿಲೆ?"

"ಹೌದು ದೊರೆ. ನಿನ್ನೆ ಕೇಳಿ ಕೇಳಿ ಹಾಕಿಸ್ಕೊಂಡ್ರಿ."

ದೊರೆ ಕಲ್ಲನ್ನು ಒರೆಸಿ ಪೊಟ್ಟಣ ಕಟ್ಟಿದ. ಆಮೇಲೆ ಮ್ಯೂಸಿಯಮ್ಮಿನ ಕಾಗದವನ್ನು ಮಡಿಸಿ ಅರಗು ಹಾಕಿದ.

"ರಜೆ ಉಂಟು. ಹೋಗು. ಹೋಗುವ ಮೊದಲು ಅದರ ಮೇಲೆ ಬೇರೆ ಕಲ್ಲು ಇಡು."

ಟಪಾಲು ಒಯ್ಯುವ ಆಳು ಕರಿಯ, ಕಲ್ಲಿನ ಪೊಟ್ಟಣವನ್ನೂ ಕಾಗದವನ್ನೂ ಚೀಲಕ್ಕೆ ಹಾಕಿಕೊಂಡು ಇಳಿಜಾರು ಹಿಡಿದ. ಚೋಮಿ ಗಂಟು ಹೊತ್ತು ಅವನ ಬೆನ್ನಿಗೇ ಹೊರಟಳು. ದಾರಿ ಕವಲೊಡೆಯುವಲ್ಲಿ ಅವನು ಬೀಡಿ ಹಚ್ಚಲು ನಿಂತ.

"ಬೀಡಿ ಆಮೇಲೆ ಸೇದು. ದೊರೆ ಮನಸ್ಸು ಬದಲಾಯಿಸಿ ಕೂಗಿದ್ರೆ? ನಡಿ, ನಡಿ!"

ಕರಿಯ ಗೊಣಗುತ್ತ ನಡೆದ. ಅವನ ಕೊಡೆ ಕಾಫಿಗಿಡಗಳ ಆಚೆ ಪೂರ್ತಿ ಮುಳುಗುವವರೆಗೂ ಚೋಮಿ ಕಕ್ಕಬೆಯ ದಾರಿಗೆ ಕಾಲಿಡದೆ, ಗಂಟನ್ನೂ ಇಳಿಸದೆ, ನಿಂತೇ ಇದ್ದಳು.