ಮಾತಿಲ್ಲದೆ ಮಾಡಿದ ಬಾನೆಟ್

ನಮ್ಮವರು ಮೊಬೈಲ್ ನೋಡುತ್ತಾ ಕಾರನ್ನು ಗೇಟಿನ ಕಂಬಕ್ಕೆ ಗುದ್ದಿದರು. ಕಂಬಕ್ಕೆ ಏನೂ ಆಗಲಿಲ್ಲ, ಬಾನೆಟ್ ಮಾತ್ರ ನಜ್ಜುಗುಜ್ಜಾಗಿ ಕಾರು ಮೂಲೆ ಹಿಡಿಯಿತು. ಅಂಗಡಿಯಿಂದ ಹೊಸ ಬಾನೆಟ್ ತರುವುದು ಕೈಲಾಗದವರ ಕೆಲಸವಂತೆ. ಮನೆಯಲ್ಲೇ ಫೈಬರ್‌ಗ್ಲಾಸಿನಲ್ಲಿ ಮಾಡುತ್ತೇನೆಂದು ಹೊರಟರು. ಅಚ್ಚು ತೆಗೆಯಲು ನೆಟ್ಟಗಿರುವ ಬಾನೆಟ್ ಒಂದು ಬೇಕಲ್ಲ, ಅದು ಇದ್ದದ್ದು ನನ್ನ ಕಾರಿಗೆ. ಗಂಡ ಹೆಂಡತಿ ಒಂದೇ ಮಾದರಿಯ ಕಾರು ಕೊಳ್ಳುವುದು ಜಾಣತನವೆಂದು ಹಟ ಹಿಡಿದವರೂ ಇವರೇ.

ನಲವತ್ತು ದಾಟಿದ ಮೇಲೆ, ಇವರ ನಗುವನ್ನೆಲ್ಲ ನುಂಗಿಕೊಂಡು ಡ್ರೈವಿಂಗ್ ಕಲಿತವಳು ನಾನು. ಇವರು ಅಚ್ಚು ತೆಗೆಯಲು ಹೊರಟ ಮರುದಿನ ಬೆಳಗ್ಗೆಯೇ ಊರಾಚೆಯ ಆಸ್ಪತ್ರೆಯ ಲ್ಯಾಬಿನಲ್ಲಿ ನನ್ನ ಹೊಸ ಕೆಲಸದ ಮೊದಲ ದಿನ. ಆ ಹೊತ್ತಿಗೆ ಅತ್ತ ಬಸ್ಸಿಲ್ಲ.

"ನನ್ನ ಕಾರಿಗೆ ಏನಾದ್ರೂ ಆದ್ರೆ ನೋಡಿ ಮತ್ತೆ," ಎಂದೆ.

"ಸಂಜೆಯೊಳಗೆ ಅಚ್ಚು ಎಬ್ಬಿಸಿ, ಒರೆಸಿ ಕೊಡ್ತೀನಿ. ನಿನಗೆ ಗೊತ್ತೂ ಆಗಲ್ಲ."

ಹಿಂದೊಮ್ಮೆ ಇವರೂ ಮೈದುನನೂ ಸೇರಿ ಕಾರಿನ ಕನ್ನಡಿಗೊಂದು ಕವಚ ಮಾಡಲು ಇಡೀ ಭಾನುವಾರ ಹಿಡಿದಿತ್ತು. ಅವತ್ತು ಕೈಗಿಂತ ಬಾಯಿ ಹೆಚ್ಚು ಓಡಿತ್ತು. ಹಾಗಾಗಿ ಈ ಸಲ ಹೊಸ ಪದ್ಧತಿ. ಗಾಜಿನ ನಾರಿನ ಬಟ್ಟೆ ಕತ್ತರಿಸಿ ಹಾಸುವುದು ಮೈದುನ, ಅದರ ಮೇಲೆ ರೆಸಿನ್ ಎಂಬ ಅಂಟು ಕಲಸಿ ಬಳಿಯುವುದು ಇವರು. ಒಬ್ಬರನ್ನೊಬ್ಬರು ಏನೂ ಕೇಳುವಂತಿಲ್ಲ. 'ಮಾತಾಡಿದರೆ ಕೆಲಸ ನಿಧಾನ' ಎಂದು ದಪ್ಪ ಅಕ್ಷರದಲ್ಲಿ ಬರೆದ ರಟ್ಟೊಂದನ್ನು ಗ್ಯಾರೇಜಿನ ಗೋಡೆಗೆ ನೇತುಹಾಕಿದರು. ಬೇಗ ಗಟ್ಟಿಯಾಗಲೆಂದು ರೆಸಿನ್‌ಗೆ ಹಾರ್ಡನರನ್ನು ಎರಡು ಪಾಲು ಸುರಿದರು. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಸುಮ್ಮನೆ ಹೇಳಿಲ್ಲ.

ನಾನು ಬಕೆಟ್ ತರಲು ಒಳಗೆ ಹೋದರೆ ಶೆಲ್ಫಿನ ಮೇಲೆ ಮೇಣದ ಡಬ್ಬಿ ಕಂಡಿತು. ಅಚ್ಚು ಅಂಟಿಕೊಳ್ಳದ ಹಾಗೆ ಬಾನೆಟ್ಟಿಗೆ ಮೊದಲು ಈ ಮೇಣ ತಿಕ್ಕಬೇಕೆಂದು ಇವರೇ ನನಗೆ ಊಟದ ಹೊತ್ತಿನಲ್ಲಿ ಪಾಠ ಒಪ್ಪಿಸಿದ್ದರು. ಡಬ್ಬಿಯ ಸೀಲ್ ಕೂಡ ಒಡೆದಿರಲಿಲ್ಲ. ಡಬ್ಬಿ ಹಿಡಿದು ಓಡಿದೆ.

"ರೀ, ಈ ಮೇಣ..."

ಇವರು ಬ್ರಷ್ಷಿನಿಂದ ಗೋಡೆಯ ರಟ್ಟನ್ನು ತೋರಿಸಿದರು.

"ರೀ, ಡಬ್ಬಿ ತೆಗೆದೇ ಇಲ್ಲ!"

ಅಣ್ಣ ತಮ್ಮ ಇಬ್ಬರೂ ಮುಖ ಮುಖ ನೋಡಿಕೊಂಡರು.

"ನೀನು ಹಚ್ಚಿಲ್ವೇನೋ?"

"ನೀನು ಹಚ್ಚಿರ್ತೀಯ ಅಂದ್ಕೊಂಡೆ ಅಣ್ಣ. ಕೇಳೋ ಹಾಗಿರ್ಲಿಲ್ವಲ್ಲ."

ಅಷ್ಟರಲ್ಲಿ ರೆಸಿನ್ ಬಿಸಿಯೇರಿ ಹೊಗೆಯಾಡಿ ಕಲ್ಲಾಯಿತು. ಮರದ ಬೆಣೆ ಹೊಡೆದರು, ಮೀಟಿದರು, ಬೈದರು. ಎದ್ದದ್ದು ನನ್ನ ಕಾರಿನ ಬಣ್ಣ ಮಾತ್ರ. ಅಂಚಿನಿಂದ ಸಂದಿಗೆ ಇಳಿದ ರೆಸಿನ್ ಬಾನೆಟ್ಟನ್ನು ತೆರೆಯಲಾಗದಂತೆ ಮುಚ್ಚಿಬಿಟ್ಟಿತ್ತು. ಸಿಟ್ಟಿಗೋ ಸಂಕಟಕ್ಕೋ, ನನಗೆ ಅಳು ಬಂತು. ಇವರು ಅದರ ಮೇಲೆ ಬೆರಳಿನಿಂದ ಟಕ್ ಟಕ್ ಎಂದು ಬಡಿದು, "ಒಂದು ಮಾತ್ರ ಒಪ್ಕೋಬೇಕು, ಮಾಲು ಗಟ್ಟಿ ಬಂದಿದೆ," ಎಂದರು.

ಬೆಳಗ್ಗೆ ದೇವರೇ ಎಂದು ಕೀಲಿ ತಿರುಗಿಸಿದೆ. ಎಂಜಿನ್ ಪಾಪ, ತನಗೇನೂ ಆಗಿಲ್ಲವೆಂಬಂತೆ ಶುರುವಾಯಿತು. ಬಾನೆಟ್ಟಿನ ಸುತ್ತ ನಾರಿನ ಎಳೆಗಳು ಮುದುಕನ ಮೀಸೆಯ ಹಾಗೆ ಜೋತಾಡುತ್ತಿದ್ದವು. ಇರಲಿ ಎಂದುಕೊಂಡೆ. ಇವರು ಆಫೀಸಿನ ಚೀಲ ಹಿಡಿದು ಓಡಿಬಂದು ಕಿಟಕಿಯ ಗಾಜು ತಟ್ಟಿದರು.

"ನಿಲ್ಸು, ನನ್ನೂ ದಾರೀಲಿ ಬಿಟ್ಬಿಡು. ತಪ್ಪು ಎಲ್ಲಾಯ್ತು ಅಂತ ಹೋಗ್ತಾ ವಿವರವಾಗಿ ಹೇಳ್ತೀನಿ."

ಗ್ಯಾರೇಜಿನ ಗೋಡೆಯಿಂದ ನಾನು ಕಿತ್ತು ತಂದಿದ್ದ ರಟ್ಟು ಪಕ್ಕದ ಸೀಟಿನಲ್ಲಿತ್ತು. ಎತ್ತಿ ಅವರು ಓದುವ ಹಾಗೆ ಗಾಜಿಗೆ ಹಿಡಿದೆ, ಆಮೇಲೆ ಗೇರ್ ಹಾಕಿದೆ.